ಯಾರ ಮನೆಯಲ್ಲೂ ನಿಲ್ಲದ ನನ್ನ ಸಣ್ಣ ಪೆಟ್ಟಿಗೆ

ಕೆಟ್ಟುಹೋದ ಸಾಮಾನು ತಂದು ಮುಂದಿಟ್ಟವರ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದದ್ದಿಲ್ಲ. ಅದು ನನ್ನ ಅನ್ನ. ಆದರೆ ಚೆನ್ನಾಗಿ ಹಾಡುತ್ತಿರುವ ಸಾಮಾನನ್ನು ತಂದು, "ಇದನ್ನ ಯಾರಿಗಾದ್ರೂ ದಾಟಿಸ್ಕೊಡು ಮಾರಾಯ" ಎನ್ನುತ್ತಾರಲ್ಲ, ಅಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಇಪ್ಪತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದವನು ನಾನು. ಈ ಉರಿ ತಿಂಗಳಿಗೊಮ್ಮೆಯಾದರೂ ತಪ್ಪಿದ್ದಲ್ಲ.

ತೊಂಬತ್ತರ ದಶಕದ ನಡುವಿಗೆ ನಮ್ಮ ಕಡೆಗೆ ದೊಡ್ಡ ದೊಡ್ಡ ಹೆಡ್‌ಫೋನುಗಳು ಬಂದವು. ದುಬೈಯಿಂದ ಭಾವ ತಂದದ್ದು, ಮಂಗಳೂರಿನಲ್ಲಿ ಸ್ನೇಹಿತರು ಕೊಡಿಸಿದ್ದು. ಕಿವಿಯ ಜೊತೆಗೆ ಅರ್ಧ ಕೆನ್ನೆಯನ್ನೂ ಮುಚ್ಚುವಂಥವು. ಅವನ್ನು ಟೇಪಿಗೆ ಸಿಕ್ಕಿಸಿದರೆ ಸೊಳ್ಳೆ ಹಾಡಿದಷ್ಟೇ ಸದ್ದು, ಯಾಕೆಂದರೆ ಅಷ್ಟು ದೊಡ್ಡ ಹೆಡ್‌ಫೋನನ್ನು ಹಾಡಿಸುವ ಶಕ್ತಿ ಸಣ್ಣ ಟೇಪಿಗೆ ಇಲ್ಲ. ನಡುವೆ ಒಂದು ಆಂಪ್ಲಿಫೈಯರ್ ಬೇಕು. ನಾನು ಮಾಡಿದೆ. ಮಕ್ಕಳ ಕಂಪಾಸು ಪೆಟ್ಟಿಗೆ ಎರಡನ್ನು ಒಂದರ ಮೇಲೊಂದು ಇಟ್ಟಷ್ಟೇ ದೊಡ್ಡದು. ಒಂದು ಗುಂಡಿ, ಒಂದು ಕೆಂಪು ದೀಪ, ವೈರು ಸಿಕ್ಕಿಸಲು ಎರಡು ತೂತು. ಜನ ಅದನ್ನು "ಸಣ್ಣ ಪೆಟ್ಟಿಗೆ" ಎಂದು ಕರೆದರು. ಸುತ್ತಮುತ್ತ ಹಾಡಿನ ಹುಚ್ಚಿದ್ದವರೆಲ್ಲ ಮೊದಲು ಕೊಂಡದ್ದು ಅದನ್ನೇ. ಅವರೆಲ್ಲ ಮೊದಲು ಮಾರಿದ್ದೂ ಅದನ್ನೇ.

ನನ್ನ ಆಸೆ ದೊಡ್ಡದೇನಲ್ಲ. ಮಾಡಿದ ಇಪ್ಪತ್ತು ಮೂವತ್ತು ಪೆಟ್ಟಿಗೆಗಳಲ್ಲಿ ಒಂದಾದರೂ ಕೊಂಡವರ ಮನೆಯಲ್ಲೇ ಹಳತಾಗಲಿ ಎಂದಷ್ಟೇ. ಮಗಳನ್ನು ಕೊಟ್ಟ ಮನೆಯವರು ಆರು ತಿಂಗಳಿಗೊಮ್ಮೆ "ಹುಡುಗಿ ಒಳ್ಳೆಯವಳೇ, ಆದ್ರೆ" ಎಂದು ತವರಿಗೆ ತಂದುಬಿಟ್ಟರೆ ಅಪ್ಪನಿಗೆ ಹೇಗಾಗಬೇಕು? ನನಗೆ ಹಾಗೇ ಆಗುತ್ತಿತ್ತು.

ತೂಕ ಸಾಲದು

ಮೊದಲ ಪೆಟ್ಟಿಗೆ ಕೊಂಡವರು ನಮ್ಮ ಊರಿನ ಹತ್ತಿರದ ಒಬ್ಬ ಸಾಹುಕಾರರು. ಮಧ್ಯಮ ಗಾತ್ರದ ಕಾಫಿ ಎಸ್ಟೇಟು, ದೊಡ್ಡ ಮೀಸೆ, ಕೈಬಿಚ್ಚಿ ಖರ್ಚು ಮಾಡುವ ಆಸಾಮಿ. ಯಾವ ಹಾಡನ್ನೂ ಅರ್ಧ ನಿಮಿಷಕ್ಕಿಂತ ಹೆಚ್ಚು ಕೇಳಿದವರಲ್ಲ. ತಬಲಾ ಬೀಳುವ ಜಾಗ ಬಂತೋ, ಕೇಳಿದರು, ತಲೆದೂಗಿದರು, ಮುಂದಿನ ಹಾಡಿಗೆ ಓಡಿಸಿದರು.

ಎರಡು ತಿಂಗಳಿಗೆ ಸರಿಯಾಗಿ ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಬಂದರು.

"ಯಾಕೆ ಸಾರ್, ಸೌಂಡ್ ಬರ್ತಿಲ್ವಾ?"

"ಸೌಂಡಿನ ಬಗ್ಗೆ ಮಾತೇ ಇಲ್ಲ ಮಾರಾಯ. ಫಸ್ಟ್ ಕ್ಲಾಸ್. ಆದ್ರೆ ಕೈಯಲ್ಲಿ ಹಿಡಿದ್ರೆ ಎಂತದೂ ಇಲ್ಲ. ಜೊಳ್ಳು ಕಾಯಿ ಹಿಡಿದ ಹಂಗೆ ಆಗುತ್ತೆ."

ಕಾಫಿ ಬೆಳೆಯುವವರ ಅಭ್ಯಾಸ ಅದು. ಬೀಜವನ್ನು ಬೊಗಸೆಯಲ್ಲಿ ಹಿಡಿದು ತೂಗಿ ನೋಡಿ ಮಾಲು ಗಟ್ಟಿಯೋ ಜೊಳ್ಳೋ ಹೇಳುತ್ತಾರೆ. ಅದು ಬೀಜಕ್ಕೆ ಸರಿ. ಆಂಪ್ಲಿಫೈಯರನ್ನು ತೂಗಿ ನೋಡಿದರೆ ಏನು ಗೊತ್ತಾಗಬೇಕು? ಒಳಗೆ ಇರುವುದು ಉಗುರಿನಷ್ಟು ದೊಡ್ಡ ಒಂದು ಐಸಿ, ನಾಲ್ಕು ಕೆಪಾಸಿಟರು. ಅದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಪೆಟ್ಟಿಗೆಯನ್ನು ಅಂಗೈಯಲ್ಲಿ ಮೇಲೆ ಕೆಳಗೆ ಕುಣಿಸುತ್ತ, "ಇರ್ಲಿ, ಇರ್ಲಿ, ಆದ್ರೂ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ಅವರು ಪೆಟ್ಟಿಗೆ ಬಿಟ್ಟು ಹೋದಮೇಲೆ, ಮೂಲೆಯಲ್ಲಿ ಬಿದ್ದಿದ್ದ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೇ ಪಲ್ಪರ್ ಮೆಷಿನ್ನಿನ ಕಬ್ಬಿಣದ ಪಟ್ಟಿಯೊಂದನ್ನು ಕತ್ತರಿಸಿ, ಟೇಪು ಸುತ್ತಿ, ಪೆಟ್ಟಿಗೆಯ ತಳಕ್ಕೆ ಎರಡು ಸ್ಕ್ರೂ ಹಾಕಿ ಕೂರಿಸಿದೆ. ಅದಕ್ಕೂ ಕರೆಂಟಿಗೂ ಸಂಬಂಧವೇ ಇಲ್ಲ. ಮಾರನೇ ದಿನ ಸಾಹುಕಾರರು ಬಂದು ಎತ್ತಿ ನೋಡಿದರು. ಹುಬ್ಬು ಮೇಲೇರಿತು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು.

"ಈಗ ಬಾಸ್ ಬಂತು ನೋಡು! ನಿನ್ನೆ ಇದು ಇರ್ಲೇ ಇಲ್ಲ. ಮೊದ್ಲೇ ಹಿಂಗೆ ಮಾಡಿದ್ರೆ ಎಂತ ಆಗ್ತಿತ್ತು ನಿಂಗೆ?"

ಒಂದು ಕೊಯ್ಲು ಮುಗಿಯುವವರೆಗೆ ಇಟ್ಟುಕೊಂಡರು. ಆಮೇಲೆ ಅದನ್ನೂ ಮಾರಿದರು. ಯಾಕೆ ಸಾರ್ ಎಂದು ಕೇಳಿದ್ದಕ್ಕೆ, "ಇದಕ್ಕಿಂತ ಭಾರದ್ದು ಸಿಕ್ತು" ಎಂದರು.

ಮೂಗು ಮತ್ತು ಮೂಗುತಿ

ಆ ಕಬ್ಬಿಣದ ಪೆಟ್ಟಿಗೆಯನ್ನು ಕೊಂಡವನು ಅತ್ತಿಗುಂಡಿ ಕಡೆಯ ಎಸ್ಟೇಟೊಂದರ ರೈಟರು. ಆಳುಗಳ ಹಾಜರಿ ಬರೆಯುವ ಕೆಲಸ, ಸಂಜೆ ಐದರ ಮೇಲೆ ಪೂರ್ತಿ ಪುರುಸೊತ್ತು, ಮನೆಯಲ್ಲಿ ಇನ್ನೂರು ಮುನ್ನೂರು ಹಳೇ ಸಿನಿಮಾ ಹಾಡಿನ ಕ್ಯಾಸೆಟ್ಟು. ಅವನು ನಿಜವಾಗಿ ಹಾಡು ಕೇಳುವವನು. ಇವನಾದರೂ ಇಟ್ಟುಕೊಳ್ಳುತ್ತಾನೆ ಎಂದುಕೊಂಡೆ.

ಹದಿನೈದು ದಿನಕ್ಕೆ ಬಂದ. "ಅಣ್ಣಾ, ಪೆಟ್ಟಿಗೆ ಭಾರಿ ಚೆನ್ನಾಗಿದೆ. ಈಗ ನನ್ನ ಹೆಡ್‌ಫೋನೇ ಇದಕ್ಕೆ ಸಾಲ್ದು ಅನ್ಸುತ್ತೆ."

ಹೊಸ ಹೆಡ್‌ಫೋನ್ ತಂದ. ಒಂದು ತಿಂಗಳಾಯಿತು. ಮತ್ತೆ ಬಂದ.

"ಹೆಡ್‌ಫೋನ್ ಭಾರಿ ಚೆನ್ನಾಗಿದೆ ಅಣ್ಣಾ. ಈಗ ಪೆಟ್ಟಿಗೆ ಇದಕ್ಕೆ ಸಾಲ್ದು."

"ಮೂಗಿಗಿಂತ ಮೂಗುತಿ ಭಾರ ಅಂತಾರೆ, ಅದು ಗೊತ್ತು. ನೀನು ಮೂಗುತಿಗೋಸ್ಕರ ಮೂಗನ್ನೇ ಬದಲಾಯಿಸ್ತಾ ಇದೀಯಲ್ಲೋ!" ಎಂದು ಬೈದೆ.

ನಕ್ಕ. ಬೈದರೂ ನಗುವವರನ್ನು ಏನು ಮಾಡುವುದು? ಪೆಟ್ಟಿಗೆಯನ್ನು ಕಳಸದ ಒಬ್ಬ ಫೋಟೋ ಸ್ಟುಡಿಯೋದವನಿಗೆ ಮಾರಿ, ಬೆಂಗಳೂರಿನಿಂದ ದೊಡ್ಡದೊಂದು ತರಿಸಿದ. ಸಣ್ಣ ಪೆಟ್ಟಿಗೆಯ ಗ್ರಹಚಾರವೇ ಅದು. ಬೆಲೆ ಕಡಿಮೆ, ಕೆಡುವುದಿಲ್ಲ, ಹೊಸದಾಗಿ ಹುಚ್ಚು ಹಿಡಿದವನೊಬ್ಬ ಎಲ್ಲಾದರೂ ಇದ್ದೇ ಇರುತ್ತಾನೆ, ಹಾಗಾಗಿ ಮಾರಲು ಕಷ್ಟವೇ ಇಲ್ಲ. ಚೆನ್ನಾಗಿ ಮಾಡಿದ್ದೇ ನನ್ನ ತಪ್ಪಾಯಿತು. ಕೆಟ್ಟದಾಗಿ ಮಾಡಿದ್ದರೆ ಯಾರೂ ಕೊಳ್ಳದೆ ಅವರವರ ಮನೆಯಲ್ಲೇ ಬಿದ್ದಿರುತ್ತಿತ್ತು.

ರೈಟರಿಗೆ ದೊಡ್ಡ ಆಂಪ್ಲಿ ಬಂದಮೇಲೆ ಹೆಡ್‌ಫೋನ್ ಮತ್ತೆ ಸಾಲದಾಯಿತು. ಆಮೇಲೆ ವೈರು. ಆಮೇಲೆ ಟೇಪ್ ಡೆಕ್ಕು. ಒಂದು ವರ್ಷ ಬಿಟ್ಟು ಸಿಕ್ಕಿದಾಗ ಮುಖ ಬೆಳಗುತ್ತಿತ್ತು.

"ಈಗ ಎಲ್ಲ ಸರಿ ಹೋಯ್ತು ಅಣ್ಣಾ. ಒಂದಕ್ಕೊಂದು ಹೇಳಿ ಮಾಡಿಸಿದ ಹಂಗೆ ಇದೆ."

"ಸದ್ಯ. ಇನ್ನಾದ್ರೂ ಆರಾಮಾಗಿ ಕೂತು ನಿನ್ನ ಕ್ಯಾಸೆಟ್ಟೆಲ್ಲ ಕೇಳು."

"ಕ್ಯಾಸೆಟ್ಟಾ? ಅವನ್ನೆಲ್ಲ ಮಾರಿಯೇ ಅಲ್ವಾ ಅಣ್ಣಾ ಡೆಕ್ ತಗೊಂಡಿದ್ದು! ಈಗ ಒಂದು ಇದೆ. ಡೆಕ್ಕಿನ ಜೊತೆ ಟೆಸ್ಟಿಂಗಿಗೆ ಅಂತ ಕೊಟ್ಟಿದ್ದು."

ಬಿಸಿಯಾಗುವ ಸಂಗೀತ

ನನ್ನ ಪೆಟ್ಟಿಗೆಯನ್ನು ಮಾರುವಾಗ ಸಾಹುಕಾರರು ಅದರ ಮೇಲೆ ಹೇಳಿದ ಎರಡನೇ ದೂರು ಇನ್ನೂ ವಿಚಿತ್ರದ್ದು. ಅದು ಬಿಸಿಯಾಗುವುದಿಲ್ಲವಂತೆ.

"ಅದು ಒಳ್ಳೇದಲ್ವಾ ಸಾರ್?"

"ಎಂತದು ಒಳ್ಳೇದು? ವಾಲ್ವ್ ಆಂಪ್ಲಿ ಮುಟ್ಟಿ ನೋಡಿದೀಯಾ? ಕೈ ಸುಡುತ್ತೆ. ಅದರ ಸೌಂಡಲ್ಲೇ ಒಂದು ಬಿಸಿ ಇರುತ್ತೆ. ನಿಂದು ತಣ್ಣಗೆ ಕೂತಿರುತ್ತೆ, ಕೆಲಸ ಮಾಡ್ತಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ಬಿಸಿಯಾಗದ ಹಾಗೆ ಮಾಡಲು ನಾನು ಎಷ್ಟು ಕಷ್ಟಪಟ್ಟಿದ್ದೆ ಎಂದು ಯಾರಿಗೆ ಹೇಳಲಿ? ಹಿತ್ತಲ ಗಿಡ ಮದ್ದಲ್ಲ. ಮಂಗಳೂರಿನಿಂದ ವಾಲ್ವಿನದೊಂದು ಬಂತು. ಅರ್ಧ ಮೇಜು ತಿನ್ನುವಷ್ಟು ದೊಡ್ಡದು, ಮೇಲೆ ಆರು ಗಾಜಿನ ಬುರುಡೆ, ಅದನ್ನೆಲ್ಲ ಮುಚ್ಚಲು ಒಂದು ತಂತಿ ಬಲೆ. ಜೂನ್ ತಿಂಗಳಲ್ಲಿ ಬಂತು. ನವೆಂಬರ್ ಆಗುವುದರೊಳಗೆ ಸಾಹುಕಾರರಿಗೆ ಅದೂ ಸಾಕಾಯಿತು. "ಬಂದು ನೋಡಿ ರೇಟು ಹೇಳು" ಎಂದು ಜೀಪು ಕಳಿಸಿದರು.

ಹೋಗಿ ನೋಡಿದರೆ ಆಂಪ್ಲಿ ಹಜಾರದಲ್ಲಿ ಇಲ್ಲ, ಊಟದ ಮನೆಯಲ್ಲಿದೆ. ಬಲೆಯ ಮೇಲೆ ಸಾಲಾಗಿ ಬೆಂಕಿಪೊಟ್ಟಣ. ಪಕ್ಕದಲ್ಲಿ ಉಪ್ಪಿನ ಜಾಡಿ. ಹಿಂದೆ ದಾರ ಕಟ್ಟಿ ನೇತುಹಾಕಿದ ನಾಲ್ಕು ಜೊತೆ ಕಾಲುಚೀಲ. ಒಂದು ತಟ್ಟೆ ಹಪ್ಪಳ. ಹಾಡಿಲ್ಲ, ಹೆಡ್‌ಫೋನಿಲ್ಲ. ಆಂಪ್ಲಿ ಮಾತ್ರ ಧಗಧಗ ಉರಿಯುತ್ತಿದೆ.

ಸಾಹುಕಾರರ ಹೆಂಡತಿ ಅಡುಗೆಮನೆಯಿಂದ ಬಂದರು. "ರಿಪೇರಿಯವ್ರಾ? ಕಾಫಿ ಕುಡೀರಿ. ಇದನ್ನ ಮಾತ್ರ ಮುಟ್ಬೇಡಿ."

"ಸಾಹುಕಾರ್ರು ಮಾರ್ಬೇಕು ಅಂದ್ರು ಅಮ್ಮಾ."

"ಅವ್ರು ಮಾರ್ಲಿ, ಬೇಕಾದ್ರೆ ಎಸ್ಟೇಟು ಮಾರ್ಲಿ. ಈ ಮನೆಗೆ ಬಂದು ಹದಿನೆಂಟು ವರ್ಷ ಆಯ್ತು. ಜುಲೈ ತಿಂಗಳಲ್ಲಿ ಉಪ್ಪು ಉದುರುದುರಾಗಿ ಬಿದ್ದಿದ್ದು ಈ ವರ್ಷವೇ ನಾನು ನೋಡಿದ್ದು."

ಇಡೀ ತಾಲೂಕಿನಲ್ಲಿ ಕೊಂಡವರ ಮನೆಯಲ್ಲೇ ಭದ್ರವಾಗಿ ಉಳಿದ ಆಂಪ್ಲಿಫೈಯರ್ ಆವತ್ತಿಗೆ ನನಗೆ ತಿಳಿದ ಮಟ್ಟಿಗೆ ಅದೊಂದೇ. ಉಪ್ಪು ಒಣಗಿಸಲು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನದು ಸೋತಿತ್ತು!

ಊರು ಸುತ್ತಿ ಬಂದವಳು

ಅದಾಗಿ ಒಂದೆರಡು ವರ್ಷಕ್ಕೆ ಸಾಹುಕಾರರು ಮತ್ತೆ ಅಂಗಡಿಗೆ ಬಂದರು. ಕೈಯಲ್ಲೊಂದು ಕಪ್ಪು ಪೆಟ್ಟಿಗೆ. ಮುಂಭಾಗದಲ್ಲಿ ದಪ್ಪನೆಯ ಕಪ್ಪು ತಗಡು, ಅದರ ಮೇಲೆ ಹಿತ್ತಾಳೆಯ ಇಂಗ್ಲಿಷ್ ಅಕ್ಷರ.

"ಗುಂಡಿ ತಿರುಗಿಸಿದ್ರೆ ಕರಕರ ಅನ್ನುತ್ತೆ, ಸ್ವಲ್ಪ ಕ್ಲೀನ್ ಮಾಡ್ಕೊಡು. ಜೋಪಾನ ಮಾರಾಯ, ಕಂಪನಿ ಮಾಲು. ಕುದುರೆಮುಖದ ಇಂಜಿನಿಯರ್ರ ಹತ್ರ ತಗೊಂಡೆ. ಅವ್ರು ಇದಕ್ಕಿಂತ ದೊಡ್ಡದಕ್ಕೆ ಹೋಗ್ತಿದಾರೆ, ಅದಕ್ಕೆ ಬಿಟ್ಕೊಟ್ರು."

ಆ ಇಂಜಿನಿಯರನ್ನು ನಾನೂ ಬಲ್ಲೆ. ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿದ್ದ ಮನುಷ್ಯ. ಡ್ರಮ್ಮು ಬಾರಿಸುವ ಸಂಗೀತ ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ತಾಳ್ಮೆಯಿಂದ ಸ್ಕ್ರೂ ಬಿಚ್ಚುತ್ತಿದ್ದೆ. ಸಾಹುಕಾರರು ನನ್ನ ತಲೆಯ ಮೇಲೆ ಬಗ್ಗಿ ಪಾಠ ಮಾಡುತ್ತಿದ್ದರು.

"ನೋಡಿ ಕಲೀಬೇಕು. ಆವತ್ತು ನಿನ್ನದೊಂದು ತಗೊಂಡಿದ್ದೆನಲ್ಲ, ಅದಕ್ಕೂ ಇದಕ್ಕೂ ಹೋಲಿಕೆ ಉಂಟಾ? ಬೇಜಾರು ಮಾಡ್ಕೋಬೇಡ. ಇದರ ಸೌಂಡೇ ಬೇರೆ."

ಮುಚ್ಚಳ ತೆಗೆದೆ. ಒಳಗೆ ನನ್ನದೇ ಬೆಸುಗೆ. ನನ್ನದೇ ಐಸಿ, ನನ್ನದೇ ನಾಲ್ಕು ಕೆಪಾಸಿಟರು. ತಳದಲ್ಲಿ, ಟೇಪು ಸುತ್ತಿ ಎರಡು ಸ್ಕ್ರೂ ಹಾಕಿ ಕೂರಿಸಿದ ಪಲ್ಪರಿನ ಪಟ್ಟಿ. ಸಾಹುಕಾರರು ರೈಟರಿಗೆ ಮಾರಿದ್ದು, ರೈಟರು ಕಳಸದ ಸ್ಟುಡಿಯೋದವನಿಗೆ ಮಾರಿದ್ದು, ಅವನು ಮುಖಕ್ಕೆ ಕಪ್ಪು ತಗಡು ಹೊಡೆದು ಕುದುರೆಮುಖಕ್ಕೆ ಸಾಗಿಸಿದ್ದು, ಈಗ ಹುಟ್ಟಿದ ಮೇಜಿನ ಮೇಲೆ ಕೂತಿತ್ತು.

ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಆವತ್ತು ಬಿಡಲಿಲ್ಲ. ಮುಚ್ಚಳ ಪಕ್ಕಕ್ಕಿಟ್ಟು, ಕಬ್ಬಿಣದ ಪಟ್ಟಿಯನ್ನು ಬಿಚ್ಚಿ ಅವರ ಕೈಗೇ ಕೊಟ್ಟು, ಇದು ಯಾವ ಪೆಟ್ಟಿಗೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲ ಹೇಳಿದೆ. ತಪ್ಪಿತಸ್ಥನ ಹಾಗೆ ತಲೆ ತಗ್ಗಿಸುತ್ತಾರೆ, ಕಣ್ಣು ತುಂಬ ನೋಡೋಣ ಎಂದು ಕಾದೆ.

ಸಾಹುಕಾರರು ಪಟ್ಟಿಯನ್ನು ಅಂಗೈಯಲ್ಲಿ ಎರಡು ಸಲ ತೂಗಿ ನೋಡಿದರು. ಆಮೇಲೆ ಮುಖ ಅರಳಿತು.

"ಹಂಗಾದ್ರೆ ಅದೇ ಸರಿ! ನಾನು ಕೊಟ್ಟಾಗ ಇದು ಇಷ್ಟು ಚೆನ್ನಾಗಿರ್ಲಿಲ್ಲ. ಮಾನ್ಸೂನ್ ಕಾಫಿ ಮಾಡ್ತಾರಲ್ಲ, ಬೀಜನ ಸಮುದ್ರದ ಗಾಳಿಗೆ ಇಟ್ಟು ಹದ ಮಾಡೋದು, ಆ ಥರ. ಎರಡು ವರ್ಷ ಕುದುರೆಮುಖದ ಮಂಜು ಕುಡಿದು ಹದಕ್ಕೆ ಬಂದಿದೆ. ಹೊಸದು ಮಾಡಿದ್ರೆ ನೀನೂ ಒಂದೆರಡು ವರ್ಷ ಅಲ್ಲಿ ಇಟ್ಟು ಮಾರು ಮಾರಾಯ."

ಮನೆಯ ತೀರ್ಪು

ಇದನ್ನೆಲ್ಲ ಊಟ ಮಾಡುತ್ತ ಹೆಂಡತಿಯ ಮುಂದೆ ತೋಡಿಕೊಂಡೆ. "ಇದ್ದದ್ದರಲ್ಲಿ ಸುಖಪಡೋಕೆ ಈ ಜನಕ್ಕೆ ಯಾಕೆ ಬರಲ್ಲ?" ಎಂದೆ.

ಅವಳು ಸಾರು ಬಡಿಸುತ್ತ ಹೇಳಿದಳು. "ನಮ್ಮ ಮನೆ ರೇಡಿಯೋನ ಇನ್ನೂ ಚೆನ್ನಾಗಿ ಹಾಡಿಸ್ತೀನಿ ಅಂತ ನೀವು ಬಿಚ್ಚಿದ್ದು ನಮ್ಮ ಮದುವೆಯಾದ ವರ್ಷ. ಅದರ ಮುಚ್ಚಳ ಯಾವ ಬಣ್ಣ ಅಂತ ನಾನಿನ್ನೂ ನೋಡಿಲ್ಲ."

ರುಚಿ ನೋಡಿ ಹೇಳಿದ್ದು

ಇಷ್ಟೆಲ್ಲದರ ನಡುವೆ ನನ್ನ ಮಾನ ಉಳಿಸಿದವರು ಒಬ್ಬರಿದ್ದರು. ಸಂಸೆ ಕಡೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು. ಅವರಿಗೆ ಹಾಡು ಬೇಡ, ಬಾಸು ಬೇಡ. ತಾಳಮದ್ದಳೆಯ ಕ್ಯಾಸೆಟ್ ಹಾಕಿಕೊಂಡು, ವೇಷವಿಲ್ಲದೆ ಕೂತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ವಾದ ಒಂದಕ್ಷರ ತಪ್ಪದ ಹಾಗೆ ಕೇಳಬೇಕು, ಅಷ್ಟೇ. ನನ್ನ ಸಣ್ಣ ಪೆಟ್ಟಿಗೆ ಕೊಂಡು ನಾಲ್ಕು ವರ್ಷವಾಗಿತ್ತು. ಬೇರೆಯವರು ಬಂದು ರಗಳೆ ತೆಗೆದಾಗಲೆಲ್ಲ ನಾನು, "ಸಂಸೆ ಮೇಷ್ಟ್ರನ್ನ ನೋಡಿ ಕಲೀರಿ" ಎನ್ನುತ್ತಿದ್ದೆ. ದೇವರಿಗೆ ಕೈ ಮುಗಿಯುವಾಗಲೂ ಅವರ ಮುಖ ನೆನಪಾಗುತ್ತಿತ್ತು.

ಒಂದು ಭಾನುವಾರ ಅವರೇ ಅಂಗಡಿಗೆ ಬಂದರು. ಚೀಲದಿಂದ ಪೆಟ್ಟಿಗೆ ಹೊರಗೆ ತೆಗೆದರು.

"ಎಂತ ಇಲ್ಲ ಮಾರಾಯ. ಇಂಜಿನಿಯರ್ರು ಫಾರಿನ್ನಿಂದ ಹೊಸದೊಂದು ತರಿಸಿದಾರೆ. ಅದನ್ನ ಕೇಳಿದ್ರೆ ಅರ್ಥಧಾರಿ ಪಕ್ಕದಲ್ಲೇ ಕೂತಂಗೆ ಆಗುತ್ತೆ ಅಂತಾರೆ. ಅವರ ಹಳೇದನ್ನ ನಂಗೆ ಕೊಡ್ತಾರಂತೆ. ಹಂಗಾಗಿ ಇದನ್ನ..."

"ನೀವೂನಾ ಮೇಷ್ಟ್ರೇ!" ಎಂದು ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು. "ದೂರದ ಬೆಟ್ಟ ಎಲ್ಲರಿಗೂ ನುಣ್ಣಗೇ ಕಾಣೋದು. ಆ ಫಾರಿನ್ನಿನದನ್ನೂ ನನ್ನದನ್ನೂ ಎದುರು ಬದುರು ಇಡಿ. ಯಾವುದು ಯಾವುದು ಅಂತ ಹೇಳದೆ ಕೇಳಿಸಿ. ನನ್ನದು ಸೋತ್ರೆ ಈ ಪೆಟ್ಟಿಗೆ ಮಾಡೋದನ್ನೇ ಬಿಟ್ಬಿಡ್ತೀನಿ, ಬರೀ ರಿಪೇರಿ ಮಾಡ್ಕೊಂಡಿರ್ತೀನಿ. ಗೆದ್ರೆ ನೀವು ಇದನ್ನ ಮಾರ್ಬಾರ್ದು. ಒಪ್ಪಿಗೆಯಾ?"

"ಒಪ್ಪಿಗೆ" ಎಂದರು ಮೇಷ್ಟ್ರು.

ಪರೀಕ್ಷೆ ನಡೆಸಲು ನಂಬಿಕಸ್ಥರು ಬೇಕಿತ್ತು. ಕಾಫಿ ಬೀಜ ಸುಲಿದು ಶುದ್ಧ ಮಾಡುವ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ಕಾಫಿಯ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದ ಟೇಸ್ಟರ್ ಒಬ್ಬರು ನಮ್ಮ ಊರಿನಲ್ಲೇ ಇದ್ದರು. ಯಾವ ಎಸ್ಟೇಟಿನ ಬೀಜ ಎಂದು ಗೊತ್ತಿಲ್ಲದೆ ಕಪ್ಪಿನಿಂದ ಒಂದು ಚಮಚ ಸೊರ್ ಎಂದು ಹೀರಿ, ಉಗಿದು, ಮಾರ್ಕು ಹಾಕುವುದು ಅವರ ಕಸುಬು. ಯಾರ ಮುಲಾಜಿಗೂ ಬೀಳುವವರಲ್ಲ. ಹಾಡು ಮಾತ್ರ ಅವರು ಕೇಳುವವರೇ ಅಲ್ಲ. ಆದರೂ ಕೂಡಲೇ ಒಪ್ಪಿಕೊಂಡರು. "ಕ್ರಮ ಒಂದೇ ಅಲ್ವಾ. ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ಯಾರೂ ಸೆಂಟು ಹಾಕ್ಕೊಂಡು ಬರ್ಬಾರ್ದು. ಬೆಳ್ಳುಳ್ಳಿ ತಿಂದು ಬರ್ಬಾರ್ದು."

ಹೋದೆವು. ಸಾಹುಕಾರರು, ರೈಟರು, ಇಂಜಿನಿಯರು, ಮೇಷ್ಟ್ರು, ನಾನು. ಸುತ್ತ ತಿರುಗುವ ಒಂದು ದುಂಡು ಮೇಜು. ಅದರ ಮೇಲೆ ಎರಡೂ ಪೆಟ್ಟಿಗೆ. ಒಂದರ ಸದ್ದು ಇನ್ನೊಂದಕ್ಕಿಂತ ಹೆಚ್ಚಾಗಬಾರದು ಎಂದು ನಾನು ಮೀಟರ್ ಹಿಡಿದು ನೋಡಿ ಎರಡರ ಗುಂಡಿಗೂ ಪೆನ್ಸಿಲ್ ಗುರುತು ಹಾಕಿದೆ. "ಎಲ್ಲ ಕಪ್ಪಿಗೂ ಒಂದೇ ಅಳತೆ ಪುಡಿ, ಸರಿ" ಎಂದು ಟೇಸ್ಟರು ತಲೆಯಾಡಿಸಿ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಒಳಗೆ ಕರೆದಾಗ ಎರಡರ ಮೇಲೂ ಗೋಣಿ ಹೊದಿಸಿತ್ತು. ಒಂದರ ಮುಂದೆ 'ಅ' ಎಂಬ ಚೀಟಿ, ಇನ್ನೊಂದರ ಮುಂದೆ 'ಆ'. ಯಾವುದು ಯಾವುದು ಎಂದು ಅವರೊಬ್ಬರಿಗೇ ಗೊತ್ತು.

ಮೇಜಿನ ಪಕ್ಕ ಒಂದು ಚೊಂಬು ಉಗುರುಬೆಚ್ಚಗಿನ ನೀರು, ಉಗಿಯಲು ಒಂದು ಉದ್ದನೆಯ ಡಬ್ಬ.

"ಎಲ್ಲರೂ ಬಾಯಿ ಮುಕ್ಕಳಿಸಿ" ಎಂದರು ಟೇಸ್ಟರು.

ರೈಟರು, "ಸಾರ್, ನಾವು ಕೇಳೋದಲ್ವಾ? ಬಾಯಿಗೂ ಅದಕ್ಕೂ ಎಂತ ಸಂಬಂಧ?" ಎಂದ.

"ಮೂವತ್ತು ವರ್ಷ ನಾನು ಟೆಸ್ಟ್ ಮಾಡಿದ್ದು ಹಿಂಗೇ. ನಂಗೆ ಗೊತ್ತಿರೋ ಕ್ರಮ ಇದೊಂದೇ. ಬೇಡದವರು ಮನೆಗೆ ಹೋಗ್ಬಹುದು."

ಎಲ್ಲರೂ ಮುಕ್ಕಳಿಸಿದೆವು. 'ಅ' ಕೇಳಿ ಮತ್ತೆ ಮುಕ್ಕಳಿಸಬೇಕು, ಇಲ್ಲದಿದ್ದರೆ ಮೊದಲನೆಯದರ ರುಚಿ ಎರಡನೆಯದಕ್ಕೆ ಅಂಟುತ್ತದಂತೆ. ಒಬ್ಬೊಬ್ಬರಾಗಿ ಗೋಡೆಯ ಕಡೆ ಮುಖ ಮಾಡಿ ಕೂತು ಕೇಳಿದೆವು. ತಾಳಮದ್ದಳೆಯ ಒಂದು ತುಂಡು, ಒಂದು ಪಿಟೀಲು, ಇಂಜಿನಿಯರರ ಡ್ರಮ್ಮು. ಸಾಹುಕಾರರು ಅಭ್ಯಾಸಬಲದಿಂದ ಹೆಡ್‌ಫೋನ್ ಹಾಕಿಕೊಂಡು ಗಾಳಿಯನ್ನೇ ಸೊರ್ ಎಂದು ಹೀರುತ್ತಿದ್ದರು. ಮಾರ್ಕು ಹಾಕಲು ಕೊಟ್ಟದ್ದು ಕಾಫಿಯದೇ ಹಳೇ ಫಾರಂ. ಬಾಡಿ, ಆಸಿಡಿಟಿ, ಫ್ಲೇವರ್, ಡಿಫೆಕ್ಟ್. ಅದೇ ಅದೇ ಕಾಲಮ್ಮಿನಲ್ಲಿ ತುಂಬಿಸಿ ಮಡಿಸಿ ಕೊಟ್ಟೆವು.

ಟೇಸ್ಟರು ಕನ್ನಡಕ ಏರಿಸಿ ಓದತೊಡಗಿದರು.

"ಸಾಹುಕಾರ್ರು. 'ಆ' ಒಳ್ಳೇದು. ಬಾಡಿ ಗಟ್ಟಿಯಾಗಿದೆ."

"ರೈಟರು. 'ಆ' ಒಳ್ಳೇದು. 'ಅ' ಸ್ವಲ್ಪ ಹುಳಿ."

"ಇಂಜಿನಿಯರ್ರು. 'ಆ' ಒಳ್ಳೇದು. ಡಿಫೆಕ್ಟ್ ಸೊನ್ನೆ. ಇದೇ ನನ್ನ ಫಾರಿನ್ ಸೆಟ್ಟು ಅಂತ ಕೆಳಗೆ ಗೀಟು ಎಳೆದಿದಾರೆ."

"ಮೇಷ್ಟ್ರು. 'ಆ' ಒಳ್ಳೇದು. ಮಾತಿನ ನಡುವೆ ಅರ್ಥಧಾರಿ ಉಸಿರು ಎಳೆದಿದ್ದೂ ಕೇಳಿಸಿತು."

ನಾನು ಬರೆದದ್ದು ನನಗೆ ಗೊತ್ತಲ್ಲ. 'ಅ' ಹಾಕಿಕೊಂಡ ಕ್ಷಣವೇ ಇದು ನನ್ನದೇ ಎಂದು ತಿಳಿದುಬಿಟ್ಟಿತ್ತು. ಹೆತ್ತವರಿಗೆ ಮಗುವಿನ ಅಳು ಗೊತ್ತಾಗುವುದಿಲ್ಲವೇ? ನಾಲ್ಕಕ್ಕೆ ನಾಲ್ಕೂ ಜನ ಅದನ್ನು ಬಿಟ್ಟಿದ್ದರು. ಇಪ್ಪತ್ತು ಮೂವತ್ತು ಪೆಟ್ಟಿಗೆ ಮಾಡಿದ ಕೈ ಇನ್ನು ಮಾಡುವ ಹಾಗಿಲ್ಲ. ಅಳು ಬರುವುದೊಂದು ಬಾಕಿ.

"ಕೊನೆಯದು ರಿಪೇರಿಯವ್ರದ್ದು" ಎಂದು ಟೇಸ್ಟರು ನನ್ನ ಫಾರಂ ಬಿಡಿಸಿದರು. "'ಅ' ಒಳ್ಳೇದು. ಇದು ನನ್ನದೇ, ಕೈಗುಣ ಎಲ್ಲಿದ್ರೂ ಗೊತ್ತಾಗುತ್ತೆ. 'ಆ' ಬಾಯಲ್ಲಿ ತುತ್ತು ಇಟ್ಕೊಂಡು ಹಾಡಿದ ಹಂಗಿದೆ. ಇದನ್ನ ಮಾಡಿದವನಿಗೆ ಕಿವಿ ಇಲ್ಲ."

ಓದಿ ಮುಗಿಸಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, 'ಆ' ಮೇಲಿನ ಗೋಣಿ ಎತ್ತಿದರು.

ಒಂದು ಗುಂಡಿ, ಒಂದು ಕೆಂಪು ದೀಪ, ಎರಡು ತೂತು. ನನ್ನ ಸಣ್ಣ ಪೆಟ್ಟಿಗೆ!

"ಗೆದ್ದೆ! ಗೆದ್ದೆ!" ಎಂದು ಎದ್ದು ನಿಂತೇಬಿಟ್ಟೆ. ನಾಲ್ಕೂ ಜನ ಫಾರಿನ್ ಮಾಲನ್ನು ಬಿಟ್ಟು ನನ್ನದನ್ನು ಆರಿಸಿದ್ದರು. ಇಂಜಿನಿಯರರ ಮುಖ ನೋಡುವ ಹಾಗಿರಲಿಲ್ಲ. ಇಷ್ಟು ವರ್ಷದ ಉರಿಯೆಲ್ಲ ಒಂದೇ ಸಲಕ್ಕೆ ಆರಿತು. ಹಾಗೆ ಎರಡು ಕೈ ಮೇಲೆತ್ತಿ ನಿಂತವನಿಗೆ ಯಾರೂ ನನ್ನ ಕಡೆ ನೋಡುತ್ತಿಲ್ಲ ಎಂದು ನಿಧಾನಕ್ಕೆ ಗೊತ್ತಾಯಿತು. ಎಲ್ಲರೂ ಟೇಸ್ಟರ ಕೈಯಲ್ಲಿದ್ದ ನನ್ನ ಫಾರಂ ನೋಡುತ್ತಿದ್ದರು. ಮೊದಲು ರೈಟರು ಕಿಸಕ್ಕೆಂದ. ಆಮೇಲೆ ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕ ನಗೆಗೆ ಮೇಜು ತಾನಾಗಿ ಅರ್ಧ ಸುತ್ತು ತಿರುಗಿತು.

ನಗಲಿ, ನಗಲಿ. ನನಗೆ ಬೇಕಾದದ್ದು ಒಂದೇ. "ಮೇಷ್ಟ್ರೇ, ಮಾತು ಮಾತೇ. ಗೆದ್ದಿದೀನಿ. ಪೆಟ್ಟಿಗೆ ಮಾರೋ ಹಾಗಿಲ್ಲ" ಎಂದೆ.

ಮೇಷ್ಟ್ರು ನಗುತ್ತಿರಲಿಲ್ಲ. ತಾಳಮದ್ದಳೆ ಕೇಳಿ ಕೇಳಿ ಹದವಾದ ತಲೆ ಅದು. ಶಾಲು ಸರಿಮಾಡಿಕೊಂಡು ಗಂಭೀರವಾಗಿ ಶುರುಮಾಡಿದರು.

"ಗೆದ್ದಿದ್ದು ಯಾರು? ಕುಡಿಯೋರು ನಾಲ್ಕು ಜನ ಚೆನ್ನಾಗಿದೆ ಅಂದ್ರೆ ಎಂತ ಬಂತು, ಬೆಳೆದವನೇ ಮೂಗು ಮುರಿದ ಮೇಲೆ? ನಾನು ನಾಲ್ಕು ವರ್ಷದಿಂದ ಇದಕ್ಕಿಂತ ಒಳ್ಳೇದು ಇಲ್ಲ ಅಂತ ನಂಬಿದ್ದೆ. ಇಂಜಿನಿಯರ್ರ ಫಾರಿನ್ ಸೆಟ್ಟು ಇದರ ಮುಂದೆ ಏನೂ ಅಲ್ಲ ಅಂತ ಇವತ್ತು ಕಣ್ಣಾರೆ ಕಂಡೂ ಆಯ್ತು, ಇನ್ನು ಅವರ ಹಳೇದೂ ನಂಗೆ ಬೇಡ. ಆದ್ರೆ ನೀನು ಬರೆದಿದ್ದು ಎಂತದು? ಇದು ಸಾಲ್ದು ಅಂತ. ಅಂದ್ರೆ ಇದಕ್ಕಿಂತ ಒಳ್ಳೇದು ಹೆಂಗಿರ್ಬೇಕು ಅನ್ನೋದು ನಿನ್ನ ತಲೇಲಿ ಇದೆ. ಇದ್ದೂ ನಂಗೆ ಮಾಡ್ಕೊಟ್ಟಿಲ್ಲ."

"ಮೇಷ್ಟ್ರೇ, ಅದು ಹಂಗಲ್ಲ..."

"ಸಾಹುಕಾರ್ರೇ, ಇದು ಗೆದ್ದ ಪೆಟ್ಟಿಗೆ. ನಿಮಗೆ ಬೇಕಾ?"

"ನಂಗೇ ಇರ್ಲಿ!" ಎಂದು ಸಾಹುಕಾರರೂ, "ನಂಗೆ ಕೊಡಿ" ಎಂದು ಇಂಜಿನಿಯರರೂ ಒಟ್ಟಿಗೆ ಎದ್ದರು.

ಮೇಷ್ಟ್ರು ನನ್ನ ಹೆಗಲ ಮೇಲೆ ಕೈ ಇಟ್ಟರು. "ನೀನು ಬೇಜಾರು ಮಾಡ್ಕೋಬೇಡ ಮಾರಾಯ. ನಿಧಾನಕ್ಕೇ ಮಾಡು, ಅವಸರ ಇಲ್ಲ. ಇನ್ನೊಂದು ಸ್ವಲ್ಪ ಚೆನ್ನಾಗಿರೋದು ಮಾಡ್ಕೊಡು. ನಿನ್ನ ಕಿವಿಗೂ ಒಪ್ಪೋ ಹಂಗೆ."